ಎದುರು ಪಕ್ಷದವರು

ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ, ರೇಡಿಯೊಗೆ ತಾನೇ ಹೊಲಿದ ಹೂವಿನ ಗವಸು ತೊಡಿಸಿದ್ದಳು. ಬುಧವಾರ ಸಂಜೆ ಅದನ್ನು ತೆಗೆದಳೆಂದರೆ ಸೋಲಾಪುರದಲ್ಲಿ ನಾಲ್ಕಾರು ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳದಲ್ಲಿ ಕೋರ್ಟು ಕೂಡಿತೆಂದೇ ತಿಳಿಯಿರಿ. ಎಪ್ಪತ್ತರ ದಶಕದ ನಡುವಿನ ಮಾತಿದು. ಟೆಲಿವಿಷನ್ ಇನ್ನೂ ಮುಂಬಯಿ ನೆಂಟರ ಬಾಯಲ್ಲಷ್ಟೇ ಇತ್ತು. ನಮಗಿದ್ದದ್ದು ಗಡಿಯಾಚೆಯ ಕನ್ನಡ ಕೇಂದ್ರದಿಂದ ವರ್ಷಗಟ್ಟಲೆ ಬರುತ್ತಿದ್ದ ವಕೀಲರ ನಾಟಕ.

ಈ ವಾರ ವಾದ, ಮುಂದಿನ ವಾರ ತೀರ್ಪು. ನಡುವಿನ ದಿನಗಳೆಲ್ಲ ನಮ್ಮವು. ಮಾಳಿಗೆಯ ಬಟ್ಟೆ ವ್ಯಾಪಾರಿ ಶಿವಲಿಂಗ ಕಾಕಾ ಅಂಗಡಿಗೆ ಹೊರಟವರು ಮೆಟ್ಟಿಲ ಮೇಲೆಯೇ ನಿಂತು, “ಜಡ್ಜಬಾಯಿ, ನಿಮ್ಮ ನಿಕಾಲ ಏನ್ರಿ?” ಎಂದು ಚಿಗವ್ವನ ತೀರ್ಪು ಕೇಳಿ ಕೆಣಕುವರು. ಅವರು ವಾದಿಯ ಕಡೆಗಾದರೆ ಇವಳು ಪ್ರತಿವಾದಿಯ ಕಡೆಗೆ. ಕೋರ್ಟಿನ ಮಾತಿನಲ್ಲಿ ಇವಳಿಗಿದ್ದ ಆಸ್ಥೆಗೆ ಕಾರಣವೂ ಇತ್ತು. ನಾಗಣಸೂರಿನಲ್ಲಿ ತಂದೆ ಗಳಿಸಿದ ಹೊಲದಲ್ಲಿ ಪಾಲು ಕೇಳಿ ಅಣ್ಣನ ಮೇಲೆ ಅಕ್ಕಲಕೋಟೆಯ ಕೋರ್ಟಿನಲ್ಲಿ ದಾವೆ ಹೂಡಿದ್ದಳು. ಒಡಹುಟ್ಟಿದವರ ನಡುವೆ ಮಾತು ನಿಂತುಹೋಗಿತ್ತು.

ಆ ನಾಟಕ ಕೆಟ್ಟದ್ದು ಯಾವಾಗ? ಬಹುಶಃ ಅಂಗಳದ ಜಗಳ ನಿಂತಾಗ. ಮೊದಮೊದಲು ಎರಡೂ ಕಡೆಯವರಲ್ಲಿ ಅಷ್ಟಿಷ್ಟು ನ್ಯಾಯವಿರುತ್ತಿತ್ತು. ಬರಬರುತ್ತ ಎದುರು ಪಕ್ಷದವನು ಬಾಗಿಲಲ್ಲೇ ಗಹಗಹಿಸಿ ನಗತೊಡಗಿದ. ವಾದಕ್ಕೆ ಮೊದಲೇ ಅವನು ಸೋತಿರುತ್ತಿದ್ದ. ನಾನು ನೆನಪನ್ನು ಪೂರ್ತಿ ನಂಬುವವನಲ್ಲ. ಹಳೆಯ ಕಂತುಗಳು ನಿಜಕ್ಕೂ ಅಷ್ಟು ಸೊಗಸಾಗಿದ್ದವೋ, ಎಂ.ಎ. ಮುಗಿಸಿದ ನನ್ನ ಕಿವಿಗೇ ಬಿಗುಮಾನ ಬಂದಿತ್ತೋ, ಬರೆಯುವವನು ದಣಿದಿದ್ದನೋ, ಇಲ್ಲ ಕೇಳುವವರಿಗೇ ಬೇಗ ಗೆಲ್ಲುವ ಚಪಲ ಹತ್ತಿತ್ತೋ, ಈಗಲೂ ತಿಳಿಯದು. ಆದರೆ ಚಿಗವ್ವ ಒಂದು ಸಂಜೆ ಗುಂಡಿ ತಿರುವಿ ರೇಡಿಯೊ ಆರಿಸಿ ಹೇಳಿದ್ದು ನೆನಪಿದೆ: “ಈ ವಕೀಲನ ಎದುರಿಗಿ ಈಗ ಮನಷ್ಯಾರೇ ಇಲ್ಲ. ಬರೇ ಗೊಂಬಿ ನಿಲ್ಲಿಸ್ಯಾರ.”

ಅವಳ ದಾವೆಯ ಮುಂದಿನ ತಾರೀಖಿಗೆ ಅವಳೊಡನೆ ನಾನೂ ಅಕ್ಕಲಕೋಟೆಗೆ ಹೋದೆ. ಕಟಕಟೆಯಲ್ಲಿ ನಿಂತ ಚಿಗವ್ವನನ್ನು ಅವಳ ವಕೀಲರೇ ಕೇಳಿದರು: ಮುಪ್ಪಿನ ತಾಯಿಯನ್ನು ಅಣ್ಣ ಮನೆಯಿಂದ ಹೊರಗೆ ಹಾಕಲಿಲ್ಲವೇ? ಹೌದೆಂದರೆ ದಾವೆಗೆ ಬಲ ಬರುತ್ತದೆಂದು ವರಾಂಡದಲ್ಲಿ ಮೊದಲೇ ಹೇಳಿಕೊಟ್ಟಿದ್ದರು. ಚಿಗವ್ವ ಸೆರಗು ಸರಿಪಡಿಸಿಕೊಂಡಳು.

“ಇಲ್ರಿ. ನನ್ನ ಪಾಲ ನನಗ ಬೇಕ್ರಿ. ಆದ್ರ ಅವ್ವನ್ನ ಅಂವ ಸಾಯೂತನಾ ತನ್ನ ಮನಿಯಾಗೇ ಇಟಗೊಂಡು ಉಣಿಸ್ಯಾನ್ರಿ.”

ವಕೀಲರು ಮುಂದಿನ ಪ್ರಶ್ನೆ ಕೇಳದೆ ಕುಳಿತರು. ಹೊಲ ಕೈಬಿಟ್ಟಿತೆಂದೇ ನನಗನ್ನಿಸಿತು.

ಊಟದ ಬಿಡುವಿನಲ್ಲಿ ಹೊರಗೆ ಬೇವಿನ ಮರದ ಕಟ್ಟೆಯ ಹತ್ತಿರ ಮಾವ ತಾನಾಗಿ ಬಂದ. ತಂಗಿಯ ಮುಖ ನೋಡಲಿಲ್ಲ.

“ನೀ ಅವ್ವನ ಮಣ್ಣಿಗಿ ಸೈತ ಬಂದಿಲ್ಲಂತ ನಮ್ಮ ವಕೀಲಗ ಹೇಳೀನಿ. ಊಟ ಆದಮ್ಯಾಗ ಅದನ್ನ ಕೇಳಾಂವ ಅದಾನ.”

“ಬಂದಿದ್ನಲ್ಲೋ ಯಣ್ಣಾ.”

“ಬಂದಿದ್ದಿ,” ಎಂದ ಮಾವ. ಹೆಗಲ ಮೇಲಿನ ವಸ್ತ್ರ ಝಾಡಿಸಿ, ತನ್ನ ವಕೀಲರನ್ನು ಹುಡುಕಿಕೊಂಡು ಒಳಗೆ ಹೋದ. ಚಿಗವ್ವ ಬುತ್ತಿ ಬಿಚ್ಚಿ, ಅವನು ಹೊರಗೆ ಬರುವವರೆಗೂ ಉಣ್ಣದೆ ಕುಳಿತಳು.