ದೊಡ್ಡದು ತಗೊಂಡರು

ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವ ಹಳೆಯ ಮಷಿನ್‌ಗಳನ್ನು ಕೊಂಡು, ಚನ್ನಗಿರಿಯ ನಮ್ಮ ಮನೆ ಹಿತ್ತಲಲ್ಲಿ ರಿಪೇರಿ ಮಾಡಿ ಮಾರುತ್ತೇನೆ. ಬಂದವರೆಲ್ಲ ಇಂಜಿನ್ ನೋಡುವ ಮೊದಲೇ ಕೇಳುವುದು, ಮೊದಲಿನವರು ಇದನ್ನು ಯಾಕೆ ಮಾರಿದರು ಎಂದು. ಸತ್ತವರ ಮಷಿನ್ ಎಂದರೆ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಎಲ್ಲರಿಗೂ ನನ್ನದು ಒಂದೇ ಉತ್ತರ: ಅವರು ದೊಡ್ಡದು ತಗೊಂಡರು.

ತಮ್ಮ ತೀರಿಕೊಂಡ ಮೇಲೆ ಅವನ ಮಷಿನ್ ನನ್ನ ಹಿತ್ತಲಿಗೇ ಬಂತು. ಅವನು ಎಡಚ. ಆಕ್ಸಿಲರೇಟರ್ ಹಿಡಿಕೆಯನ್ನು ಎಡಗಡೆಗೆ ಹಾಕಿಕೊಡು ಎಂದು ತಿಂಗಳುಗಟ್ಟಲೆ ನನ್ನ ತಲೆ ತಿಂದಿದ್ದ, ಬೈದುಕೊಂಡೇ ಹಾಕಿಕೊಟ್ಟಿದ್ದೆ. ಈಗ ಬಲಗೈಯವರಿಗೆ ಮಾರಬೇಕಲ್ಲ, ಸ್ಕ್ರೂ ಸಡಿಲಿಸಿ ಮತ್ತೆ ಬಲಕ್ಕೆ ಕೂರಿಸಿದೆ. ಅಳು ಬಂದೀತು ಎಂದುಕೊಂಡಿದ್ದೆ, ಬರಲಿಲ್ಲ. ಗ್ರೀಸಿನ ಕೈ ತೊಳೆದು ಊಟಕ್ಕೆ ಕುಳಿತೆ.

ಮರುದಿನ ಗೋವಿನಕೋವಿಯಿಂದ ಬಂದ ರೈತರೊಬ್ಬರು ಅದರ ಹಗ್ಗ ಎಳೆದರು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು.

"ಇಷ್ಟು ಚಲೋ ಐತೆ, ಯಾಕೆ ಮಾರಾಕೆ ಹೋದ್ರು?"

"ದೊಡ್ಡದು ತಗಂಡ್ರು."

ಅವರಿಗೂ ಮುಂದೆ ದೊಡ್ಡದನ್ನು ಕೊಳ್ಳುವ ಆಸೆಯಿತ್ತೇನೋ. ಮಷಿನ್ ಹೆಗಲಿಗೇರಿಸುತ್ತ ಕೇಳಿದರು, "ಆ ದೊಡ್ಡದು ಹೆಂಗೈತಂತೆ?"

"ಇನ್ನೂ ಏನೂ ಹೇಳಿಲ್ರಿ," ಅಂದೆ.