ಮಾವನವರು ವಾಪಸ್ ಕೇಳಲು ಹೋದ ಗ್ಲೌಸ್

ಮಾವನವರ ಮುಖ ಭಾಲ್ಕಿಯ ಬಿಸಿಲಿಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕೈಗಳು ಮಾತ್ರ ಬೇರೆ ಯಾರದೋ ಎನ್ನುವಂತೆ ಬಿಳಿಚಿಕೊಂಡಿದ್ದವು. ತೊಳೆದು ತೊಳೆದು ಬೆರಳ ತುದಿಗಳು ಸುಕ್ಕಾಗಿದ್ದವು; ಉಗುರುಗಳನ್ನು ಮಾಂಸಕ್ಕೆ ತಾಗುವಂತೆ ಕತ್ತರಿಸುತ್ತಿದ್ದರು. ನೌಕರಿಯುದ್ದಕ್ಕೂ ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಬ್ರದರ್, ಅಂದರೆ ಗಂಡು ನರ್ಸ್, ಆಗಿದ್ದವರು. ಗಾಡಿಯಿಂದ ಬಿದ್ದು ಬಂದವರ ಅಂಗೈಯಿಂದ ರಸ್ತೆಯ ಜಲ್ಲಿಯ ಒಂದೊಂದೇ ಕಡಿ ಆರಿಸಿ ತೆಗೆಯುವುದರಲ್ಲಿ ಅವರ ಆಯುಷ್ಯ ಕಳೆದಿತ್ತು.

ನನ್ನನ್ನು ನೋಡಲು ಬೀದರಿನ ನಮ್ಮ ಮನೆಗೆ ಬಂದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ಹೊಡೀತೀ ಏನವಾ?"

"ಹೌದ್ರಿ."

"ಕೈ ತೋರ್ಸು."

ನಮ್ಮಮ್ಮ ಗಾಬರಿಯಾದರು. ಪ್ರತಿ ಭಾನುವಾರ ಚರ್ಚಿಗೆ ಹೋಗುವ ಮನೆತನದವರು ಹುಡುಗಿಯ ಕೈರೇಖೆ ನೋಡುವುದೇ ಎಂದು ಅವರ ಮುಖ ಸಣ್ಣದಾಯಿತು. ಮಾವನವರು ರೇಖೆ ನೋಡಲಿಲ್ಲ. ಅಂಗೈಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ, ಅಲ್ಲಿದ್ದ ಹಳೆಯ ಕಲೆಯನ್ನು ಸವರಿ, "ಎಲ್ಲಿ ಬಿದ್ದಿದ್ದಿ?" ಎಂದರು. ಕೋಟೆಯ ತಿರುವಿನಲ್ಲಿ ಎಂದೆ. "ಒಂದು ಕಲ್ಲು ಒಳಗ ಉಳದದ ನೋಡು. ಚಳಿಗಾಲದಾಗ ನೋಯ್ತದಲ್ಲ?" ನೋಯುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮದುವೆಯಾದ ಮೇಲೆ ಠಾಣಾ ಕುಶನೂರಿನ ಸಾಲೆಗೆ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಭಾಲ್ಕಿಯಿಂದ ದಿನವೂ ಮೋಟರ್‌ಸೈಕಲ್ ಮೇಲೆ ಹೋಗಿಬರುತ್ತೇನೆ ಎಂದಾಗ ಅತ್ತೆಗೂ ನನ್ನ ಗಂಡನಿಗೂ ಇಷ್ಟವಿರಲಿಲ್ಲ. ಮಾವನವರು ಬೇಡ ಎನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಮರುದಿನ ಟೇಬಲ್ಲಿನ ಮೇಲೆ ನನ್ನ ಅಳತೆಯ ಒಂದು ಜೊತೆ ಗ್ಲೌಸ್ ಇಟ್ಟಿದ್ದರು.

ನಿವೃತ್ತಿಯ ನಂತರ ಅವರು ಸ್ಟೇಷನ್ ರಸ್ತೆಯಲ್ಲಿ ಹೆಲ್ಮೆಟ್, ಗ್ಲೌಸ್ ಮಾರುವ ಚಿಕ್ಕ ಅಂಗಡಿ ಇಟ್ಟಿದ್ದರು. ಹೆಚ್ಚು ಮಾರುತ್ತಿದ್ದುದು ಮಣಿಕಟ್ಟಿಗೇ ಮುಗಿಯುವ ಗಿಡ್ಡ ಗ್ಲೌಸ್. ನಮ್ಮ ಕಡೆಯ ಬಿಸಿಲಿನಲ್ಲಿ ಮೊಣಕೈವರೆಗಿನ ಉದ್ದದ್ದನ್ನು ಯಾರೂ ಹಾಕುವುದಿಲ್ಲ, ಕನ್ನಡಿಗೆ ನೇತುಹಾಕಿಕೊಂಡು ತಿರುಗುತ್ತಾರೆ. "ಕನ್ನಡಿ ಬೀಳಂಗಿಲ್ಲವಾ, ಮನಷಾ ಬೀಳ್ತಾನ" ಎನ್ನುತ್ತಿದ್ದರು.

ಗಿರಾಕಿ ಬಂದರೆ ಮೊದಲು ಜೇಬು ಕೇಳುತ್ತಿದ್ದರು, ಆಮೇಲೆ ಕೈ. ಮುನ್ನೂರು ರೂಪಾಯಿಯೊಳಗೆ ಬೇಕೆಂದರೆ, "ಮ್ಯಾಲಿನ ಶೋಕಿ ಎಲ್ಲಾ ಬಿಟ್ಟುಬಿಡ್ರಿ. ಅಂಗೈಗೆ ತೊಗಲ ಅದ ಏನು, ಹೊಲಿಗಿ ಎರಡು ಸಾಲು ಅದಾವ ಏನು, ಪಟ್ಟಿ ಬಿಗಿ ಅದ ಏನು, ಇಷ್ಟೇ ನೋಡ್ರಿ" ಎನ್ನುತ್ತಿದ್ದರು. ಸಾವಿರದ ಆಸುಪಾಸಿನವರಿಗೆ ಮೇಲ್ಭಾಗದಲ್ಲಿ ಗಾಳಿಯಾಡುವ ಜಾಳಿಗೆ, ಅಂಗೈಯ ಬುಡಕ್ಕೆ ದಪ್ಪ ಮೆತ್ತೆ. ಇನ್ನೂ ಖರ್ಚು ಮಾಡಬಲ್ಲವರಿಗೆ ಆಡಿನ ತೊಗಲಿನದು. ಅದರ ಅಂಗೈಯ ಬುಡದಲ್ಲಿ ನುಣುಪಾದ ಗಟ್ಟಿ ತುಣುಕು ಇರುತ್ತದೆ. "ಕೈ ರಸ್ತಾಕ್ಕ ಕಚ್ಚಬಾರದ್ರಿ, ಜಾರಬೇಕು. ಕಚ್ಚಿತಂದ್ರ ಮಣಿಕಟ್ಟು ಹೋತು." ಗೆಣ್ಣುಗಳ ಮೇಲೆ ಪ್ಲಾಸ್ಟಿಕ್ ಚಿಪ್ಪು ಇರುವುದೇ ಬೇಕೆಂದು ಹಟ ಹಿಡಿದವರಿಗೆ ಒಂದೇ ಮಾತು: "ಮುಷ್ಟಿ ಕಟ್ಟಿಕೊಂಡು ಬಿದ್ದಾಂವನ್ನ ನಾ ಇನ್ನಾ ನೋಡಿಲ್ರಿ."

ಕೊನೆಗೆ ಗಿರಾಕಿಯ ಕೈಗೆ ಗ್ಲೌಸ್ ಹಾಕಿಸಿ, ಪಟ್ಟಿ ಬಿಗಿದು, ಬೆರಳ ತುದಿ ಹಿಡಿದು ಜೋರಾಗಿ ಎಳೆಯುತ್ತಿದ್ದರು. ಗಿಡ್ಡ ಗ್ಲೌಸನ್ನು ಕೈಯಲ್ಲಿ ಹಿಡಿದಿಡುವುದು ಮಣಿಕಟ್ಟಿನ ಆ ಪಟ್ಟಿ ಒಂದೇ. ಅದು ಬಿಟ್ಟಿತೆಂದರೆ ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಆ ಬೇಸಿಗೆಯಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ನನಗೆ ರಜೆ, ಅಂಗಡಿಯಲ್ಲಿ ಜೊತೆಗಿರುತ್ತಿದ್ದೆ. ಆಪರೇಷನ್ನಿಗೆ ಮುಂಚೆ ಹೈದರಾಬಾದಿನಿಂದ ಒಂದು ಖೋಕಾ, ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ, ಹೊಸ ಮಾಲು ಬಂದಿತ್ತು. ನೋಡಲು ಚಂದ, ಬೆಲೆಯೂ ಹದ. ಮಾವನವರು ಎಂದಿನಂತೆ ಎಳೆದು ನೋಡಿದ್ದರು, ಪಟ್ಟಿ ಅಲುಗಿರಲಿಲ್ಲ. ನಾನೂ ಅದರಲ್ಲೇ ಒಂದು ಜೊತೆ ತೆಗೆದುಕೊಂಡಿದ್ದೆ.

ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಊರೆಲ್ಲ ಸುತ್ತಿ ಅಂಗಡಿಗೆ ಬಂದೆ. ಅಂಗೈ ಬೆವತು ತೊಪ್ಪೆಯಾಗಿತ್ತು. ಮಾವನವರು ತಮಾಷೆಗೆ, ರೂಢಿಯಂತೆ, ನನ್ನ ಬೆರಳ ತುದಿ ಹಿಡಿದು ಎಳೆದರು. ಗ್ಲೌಸ್ ಅವರ ಕೈಯಲ್ಲಿ ಉಳಿಯಿತು. ಪಟ್ಟಿ ನನ್ನ ಮಣಿಕಟ್ಟಿನಲ್ಲಿ ನೇತಾಡುತ್ತಿತ್ತು.

ಅವರು ನಗಲಿಲ್ಲ. ಗ್ಲೌಸನ್ನು ಬೆಳಕಿಗೆ ಹಿಡಿದು ಪಟ್ಟಿಯ ಬುಡವನ್ನು ಕತ್ತರಿಯ ಮೊನೆಯಿಂದ ಕೆದರಿದರು. ಮೇಲೆ ಕಾಣುತ್ತಿದ್ದ ಹೊಲಿಗೆ ಬರೀ ತೋರಿಕೆಯದು. ಒಳಗೆ ಪಟ್ಟಿಯನ್ನು ಅಂಟಿನಿಂದ ಅಂಟಿಸಿದ್ದರು. ಹೊಸದರಲ್ಲಿ ಗಟ್ಟಿ. ನಾಲ್ಕು ದಿನ ಬೆವರು ಕುಡಿದ ಮೇಲೆ ಏನೂ ಇಲ್ಲ.

"ಈ ಖೋಕಾದಾಗಿಂದು ಯಾರ್ಯಾರಿಗೆ ಕೊಟ್ಟೇವಿ?" ಅವರ ದನಿ ಇಳಿದಿತ್ತು.

ನನಗೆ ನೆನಪಿರಲಿಲ್ಲ. ಯಾರ ಹೆಸರೂ ಫೋನ್ ನಂಬರೂ ನಮ್ಮ ಬಳಿ ಇರಲಿಲ್ಲ. ಅವರು ಷಟರ್ ಅರ್ಧಕ್ಕೆ ಎಳೆದು, ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. "ಔಷಧ ಕಂಪನಿಯಾಂವ, ಎಡಗೈಯಾಗ ಉಂಗುರ ಸಿಕ್ಕೊಂಡಿತ್ತು. ಕಮಠಾಣದ ಹಾಲಿನಾಂವ, ಬೆರಳು ಸೀಳಿದ್ವು. ಸಕ್ಕರಿ ಕಾರ್ಖಾನಿ ಕ್ಲರ್ಕ್, ಮೆತ್ತನ್ನ ಕೈ. ಮತ್ತ ಔರಾದ ದರ್ಜಿ. ಹೆಬ್ಬೆರಳಿನಾಗ ಕತ್ರಿ ಹಿಡದು ಹಿಡದು ಆದ ಗಂಟು ಇತ್ತು." ಹೆಸರು ಗೊತ್ತಿಲ್ಲದ ಆ ಗಿರಾಕಿಗಳನ್ನು ಅವರು ಕೈಗಳಿಂದಲೇ ನೆನಪಿಟ್ಟುಕೊಂಡಿದ್ದರು.

ಮನೆಯಲ್ಲಿ ಅತ್ತೆ ಸಿಟ್ಟಾದರು. "ಕಣ್ಣಿನ ಪಟ್ಟಿ ಬಿಚ್ಚಿ ವಾರ ಆಗಿಲ್ಲ. ಈ ಧೂಳಿನಾಗ ಊರೂರು ತಿರಗಲಿಕ್ಕೆ ಹೊಂಟೀರಿ? ಅವರಿಗೆ ಬೇಕಿದ್ರ ಅವರೇ ಬರ್ತಾರ."

"ಅವರು ಬಿದ್ದ ಮ್ಯಾಲೆ ಬರ್ತಾರ" ಎಂದರು ಮಾವನವರು. ಆಮೇಲೆ ನನ್ನ ಕಡೆ ನೋಡಿದರು. ಅವರಿಗೆ ಗಾಡಿ ಹೊಡೆಯಲು ಡಾಕ್ಟರು ಬೇಡವೆಂದಿದ್ದರು. "ನೀ ಕರ್ಕೊಂಡು ಹೋಗ್ತೀ ಏನವಾ?"

ಭಾಲ್ಕಿಯಲ್ಲಿದ್ದ ಇಬ್ಬರು, ಔಷಧ ಕಂಪನಿಯವನು ಮತ್ತು ಕ್ಲರ್ಕ್, ಸಂಜೆಯೊಳಗೆ ಸಿಕ್ಕರು. ಮರುದಿನ ಕಮಠಾಣಕ್ಕೆ ಹೋದೆವು. ಹಾಲಿನವನು ಕೊಡಲೊಲ್ಲ. "ಛಲೋ ಅವ ಬಿಡ್ರಿ ಅಣ್ಣಾ, ನನಗೇನೂ ಆಗಂಗಿಲ್ಲ" ಎಂದು ನಗುತ್ತ ಕ್ಯಾನುಗಳ ನಡುವೆ ಗಾಡಿ ಶುರು ಮಾಡಿದ. ಮಾವನವರು ಅವನ ಗಾಡಿಯ ಮುಂದೆ ನಿಂತುಬಿಟ್ಟರು. ಎಂಜಿನ್ ಗುರುಗುಡುತ್ತಲೇ ಇತ್ತು. ಮುಂದಿನ ಗಾಲಿ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ. "ಮೊದಲು ನನ್ನ ಮ್ಯಾಲೆ ಹಾಯಿಸು, ಆಮ್ಯಾಗ ಹೋಗು" ಎಂದರು. ಅವನ ನಗು ಆರಿತು. ಗ್ಲೌಸ್ ಬಿಚ್ಚಿದಾಗ ಬಲಗೈಯದರ ಪಟ್ಟಿ ಆಗಲೇ ಅರ್ಧ ಎದ್ದಿತ್ತು. ಅದನ್ನು ನೋಡಿದವನು ಎರಡನ್ನೂ ಕೊಟ್ಟ. ಮಾವನವರು ಚೀಲದಿಂದ ಬೇರೆ ಜೊತೆ ತೆಗೆದು ತಾವೇ ಅವನ ಕೈಗೆ ಹಾಕಿದರು.

ಉಳಿದವನು ದರ್ಜಿ ಒಬ್ಬನೇ.

ಮೂರನೆಯ ದಿನ ಠಾಣಾ ಕುಶನೂರು ದಾಟಿ ಔರಾದಿನ ದಾರಿ ಹಿಡಿದೆವು. ತೊಗರಿ ಹೊಲಗಳು ಬರಿದಾಗಿ ಬಿದ್ದಿದ್ದವು. ಒಂದು ಸಣ್ಣ ಸೇತುವೆಯ ಬಳಿ ಮಂದಿ ಗುಂಪುಗೂಡಿದ್ದರು. ಕೆಂಪು ಗಾಡಿಯೊಂದು ಅಡ್ಡ ಬಿದ್ದಿತ್ತು. ಹಿಂದೆ ಕುಳಿತಿದ್ದ ಮಾವನವರ ಕೈ ನನ್ನ ಭುಜವನ್ನು ಹಿಂಡಿತು. ನಾನು ಪೂರ್ತಿ ನಿಲ್ಲಿಸುವ ಮೊದಲೇ ಇಳಿದು ಓಡಿದರು. ಬಿದ್ದವನು ಬೇರೆ ಯಾರೋ. ಮೊಣಕಾಲು ತರಚಿತ್ತು, ಅಷ್ಟೆ. ಅದನ್ನು ನೀರಿನಿಂದ ತೊಳೆದು ವಾಪಸ್ ಬಂದು, "ನಡಿ ನಡಿ, ಜಲ್ದಿ" ಎಂದರು.

ಔರಾದಿನ ಬಸ್ ನಿಲ್ದಾಣದ ಬಳಿ ವಿಚಾರಿಸುತ್ತ ಹೋದೆವು. ಒಂದು ಹೊಲಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಪಕ್ಕದ ಅಂಗಡಿಯಾತ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹೇಳಿದ: "ಅಂವ ಮೊನ್ನಿ ಬಿದ್ದಾನ್ರಿ. ಮನ್ಯಾಗ ಅದಾನ."

ಮಾವನವರು ಮನೆ ಎಲ್ಲಿ ಎಂದು ಸನ್ನೆಯಲ್ಲೇ ಕೇಳಿದರು.

ಶುಚಿಯಾದ ಸಣ್ಣ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ. ಬಾಗಿಲು ತೆರೆದದ್ದು ದರ್ಜಿಯ ತಾಯಿ. ನಾನು, ಮೊದಲು ಕುಳಿತುಕೊಳ್ಳೋಣ, ನೀರು ಕುಡಿಯೋಣ, ಆಮೇಲೆ ಮೆಲ್ಲಗೆ ವಿಷಯ ತೆಗೆಯೋಣ ಎಂದುಕೊಂಡಿದ್ದೆ. ಮಾವನವರು ಹೊಸ್ತಿಲಲ್ಲೇ ಹೇಳಿಬಿಟ್ಟರು. "ಅವ್ವಾ, ನಿಮ್ಮ ಮಗನಿಗೆ ಗ್ಲೌಸ್ ಕೊಟ್ಟಾಂವ ನಾನು. ಅದರಾಗ ಖೋಟ ಇತ್ತು. ವಾಪಸ್ ತಗೊಳ್ಳಲಿಕ್ಕೆ ಬಂದೇನಿ, ತಡ ಆಗ್ಯದ."

ಆ ತಾಯಿ ಒಳಗೆ ಹೋಗಿ, ಪಟ್ಟಿ ಕಿತ್ತುಹೋಗಿದ್ದ ಒಂದು ಗ್ಲೌಸ್ ತಂದು ಅವರ ಕಾಲ ಬಳಿ ಎಸೆದರು. "ತಗೋರಿ. ನನ್ನ ಮಗ ಆ ಕೈಲೇ ಅನ್ನ ದುಡೀತಾನ. ನೀವು ಅದನ್ನ ವಾಪಸ್ ಕೊಡ್ತೀರೇನು?"

"ಅವ್ವಾ, ಇದು ಕಂಪನಿಯವರ..." ಎಂದು ನಾನು ಬಾಯಿ ತೆಗೆದೆ. ಮಾವನವರು ಕೈ ಅಡ್ಡ ಹಿಡಿದರು.

"ಕಂಪನಿ ಬಂದು ಇವರ ಮಗನಿಗೆ ಮಾರಿಲ್ಲ. ಮಾರಿದಾಂವ ನಾನು."

ಗಾಯ ನೋಡಬಹುದೇ ಎಂದು ಕೇಳಿದರು. "ಮುಟ್ಟಬ್ಯಾಡ್ರಿ" ಎಂದರು ತಾಯಿ. ಒಳಗಿನಿಂದ ದರ್ಜಿಯೇ ಎದ್ದು ಬಂದ. ಇಪ್ಪತ್ತೈದರ ಆಸುಪಾಸಿನವನು, ಜ್ವರದಿಂದ ಕಣ್ಣು ಕೆಂಪಾಗಿದ್ದವು. ಬಲಗೈ ಚಾಚಿದ. ಮಾವನವರು ನನ್ನ ಫೋನಿನ ಬೆಳಕು ಹಾಕಿಸಿ ಗಾಯದ ಪಟ್ಟಿ ಬಿಚ್ಚಿದರು. ಹೆಬ್ಬೆರಳಿನ ಬುಡ ಹರಿದು ಊದಿಕೊಂಡಿತ್ತು. ಮಣಿಕಟ್ಟಿನಿಂದ ಮೇಲಕ್ಕೆ, ಮೊಣಕೈಯ ಕಡೆಗೆ, ಒಂದು ಕೆಂಪು ಗೆರೆ ಹತ್ತುತ್ತಿತ್ತು. ಮಾವನವರು ಆ ಗೆರೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಾನು ಮೊದಲ ಬಾರಿ ಹೆದರಿಕೆ ಕಂಡೆ.

"ಗಾಯದ ವಿಷ ಮ್ಯಾಲೆ ಏರಲಿಕ್ಕತ್ತದ. ಇದು ಮನ್ಯಾಗ ಆಗೋ ಕೆಲಸ ಅಲ್ಲ. ಈಗಿಂದೀಗ ಬೀದರಕ್ಕ ಹೋಗಬೇಕು. ಅವ್ವಾ, ಬೈಯೋದು ದಾರ್‍ಯಾಗ ಬೈರಿ, ಈಗ ಹೊಂಡ್ರಿ."

ಬಾಡಿಗೆ ಜೀಪು ಸಿಕ್ಕಿತು. ದಾರಿಯುದ್ದಕ್ಕೂ ಮಾವನವರು ಆ ಕೈಯನ್ನು ಎತ್ತರಕ್ಕೆ ಹಿಡಿದು ಕುಳಿತಿದ್ದರಂತೆ. ತಾಯಿ ಒಂದು ಮಾತೂ ಆಡಲಿಲ್ಲವಂತೆ. ನಾನು ಹಿಂದೆ ಗಾಡಿಯಲ್ಲಿದ್ದೆ. ಬೀದರಿನ ಆಸ್ಪತ್ರೆಯಲ್ಲಿ ಗಾಯ ತೆರೆದು ತೊಳೆದರು. ಕೈ ಉಳಿಯುತ್ತದೆ, ಆದರೆ ಹೆಬ್ಬೆರಳು ಮೊದಲಿನಂತೆ ಮಡಚುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದರು.

ಭಾಲ್ಕಿಗೆ ಮರಳಿದ ಮೇಲೆ ಮಾವನವರು ಹೈದರಾಬಾದಿನ ವ್ಯಾಪಾರಿಗೆ ಫೋನ್ ಹಚ್ಚಿದರು. ಉಳಿದ ಮಾಲನ್ನು ಕಡಿಮೆ ದರಕ್ಕೆ ಹಳ್ಳಿಯವರಿಗೆ ಕೊಟ್ಟು ಮುಗಿಸಿ ಎಂದನಂತೆ ಅವನು. "ಹಳ್ಳಿ ರಸ್ತಾದಾಗ ಕಡಿ ಇರಂಗಿಲ್ಲೇನು?" ಎಂದು ಕೂಗಿದರು. ಅವರು ದನಿ ಏರಿಸಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆಮೇಲೆ ಖೋಕಾ ಎಳೆದುಕೊಂಡು ಕುಳಿತು, ಒಂದನ್ನೂ ಬಿಡದೆ ಎಲ್ಲ ಗ್ಲೌಸ್‌ಗಳನ್ನು ಕತ್ತರಿಸಿ ಹಾಕಿದರು.

ದರ್ಜಿಯನ್ನು ಆಸ್ಪತ್ರೆಯಿಂದ ಕಳಿಸಿದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಡ್ರೆಸ್ಸಿಂಗ್ ಮಾಡಲು ಇವರೇ ಔರಾದಿಗೆ ಹೋಗತೊಡಗಿದರು. ಮಳೆ ಶುರುವಾಗಿತ್ತು, ನನ್ನ ಸಾಲೆಯೂ ತೆರೆದಿತ್ತು. ಅವರು ಬಸ್ಸಿನಲ್ಲಿ ಹೋಗುತ್ತಿದ್ದರು, ಕೆಲವೊಮ್ಮೆ ನನ್ನ ಗಾಡಿಯಲ್ಲಿ ಠಾಣಾ ಕುಶನೂರಿನವರೆಗೆ ಬಂದು ಅಲ್ಲಿಂದ ಬಸ್ ಹಿಡಿಯುತ್ತಿದ್ದರು. ಅತ್ತೆ ಒಮ್ಮೆ ಕೇಳಿದರು: "ಆಕಿ ಇನ್ನಾ ಬೈತಾಳೇನು?"

"ಇಲ್ಲ. ಮಾತೇ ಆಡಂಗಿಲ್ಲ. ಬೈದ್ರ ಛಲೋ ಇತ್ತು."

ಆ ತಾಯಿ ಬಾಗಿಲು ತೆರೆದು, ಕೈ ತೊಳೆಯಲು ಬಿಸಿನೀರಿಟ್ಟು, ಡ್ರೆಸ್ಸಿಂಗ್ ಮುಗಿಯುವವರೆಗೆ ಗೋಡೆಗೊರಗಿ ನಿಂತಿರುತ್ತಿದ್ದರಂತೆ. ಗಾಯ ಮಾಗಿದ ಮೇಲೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಶುರುವಾಯಿತು: ಜೋಳದ ಹಿಟ್ಟಿನ ಉಂಡೆ ಹಿಚುಕುವುದು, ತಟ್ಟೆಯಿಂದ ಗುಂಡಿ ಆರಿಸುವುದು. ಗುಂಡಿ ಜಾರಿ ಜಾರಿ ಬೀಳುತ್ತಿತ್ತು. ಒಮ್ಮೆ ದರ್ಜಿ ತಟ್ಟೆಯನ್ನೇ ಒದ್ದನಂತೆ. ಮಾವನವರು ನೆಲದ ಮೇಲೆ ಬಗ್ಗಿ ಗುಂಡಿಗಳನ್ನೆಲ್ಲ ಆರಿಸಿ ಮತ್ತೆ ಅವನ ಮುಂದಿಟ್ಟರಂತೆ.

ದಸರೆಯ ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ. ಅಂದು ದರ್ಜಿ ಕತ್ತರಿ ಹಿಡಿದ. ಹಳೆಯ ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದಿದ್ದ. ಕತ್ತರಿ ಬಾಯಿ ತೆರೆಯಿತು, ನಡುಗಿತು, ಗೆರೆ ಬಿಟ್ಟು ಸೊಟ್ಟ ಹೋಯಿತು. ಎರಡನೆಯ ಸಲ ಹಲ್ಲು ಕಚ್ಚಿ ಮೆಲ್ಲಗೆ ನಡೆಸಿದ. ಬಟ್ಟೆ ನೇರವಾಗಿ ಎರಡಾಯಿತು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಮಾವನವರು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತರು.

ಎರಡು ವರ್ಷದ ನಂತರ ಅವರಿಗೆ ಎದೆಯ ತೊಂದರೆಯಾಗಿ ಬೀದರಿನಲ್ಲಿ ಸೇರಿಸಿದೆವು. ಉಳಿಯುವುದು ಕಷ್ಟ ಎಂದು ಗೊತ್ತಾಗಿತ್ತು. ಹೇಗೋ ಸುದ್ದಿ ತಿಳಿದು ಔರಾದಿನಿಂದ ದರ್ಜಿ ಬಂದ, ಗಾಡಿಯ ಹಿಂದೆ ತಾಯಿಯನ್ನು ಕೂರಿಸಿಕೊಂಡು. ಅವರು ಮಂಚದ ಪಕ್ಕ ಕುಳಿತರು. ಮಾವನವರು ಕಣ್ಣು ತೆರೆದು ಗುರುತು ಹಿಡಿದರು.

"ಅವ್ವಾ, ಸಿಟ್ಟು ಹೋಗ್ಯದೇನ್ರಿ?"

ತಾಯಿ ಯೋಚಿಸಿದರು. ಸಾಯುತ್ತಿರುವವರ ಮುಂದೆ ಎಲ್ಲರೂ ಆಡುವ ಮಾತನ್ನು ಅವರು ಆಡಲಿಲ್ಲ.

"ಪೂರಾ ಹೋಗಿಲ್ರಿ ಅಣ್ಣಾ" ಎಂದರು. "ಆದ್ರ ನೀವು ಬರದಿದ್ರ ಅವನ ಕೈ ಹೋಗ್ತಿತ್ತು. ಅದೂ ನನಗ ಗೊತ್ತದ."

ಮಾವನವರ ಮುಖ ಸಡಿಲಾಯಿತು. "ಬರೋಬ್ಬರಿ ಹೇಳಿದ್ರಿ" ಎಂದರು. ಅವರು ಎಚ್ಚರವಿದ್ದು ಆಡಿದ ಕೊನೆಯ ಮಾತುಗಳಲ್ಲಿ ಅದೂ ಒಂದು. ಆ ವಾರವೇ ಹೋದರು.

ನಾನು ಶಿಕ್ಷಕಿ. ನನ್ನಿಂದಲೂ ತಪ್ಪುಗಳಾಗುತ್ತವೆ, ಮಕ್ಕಳ ಮನೆಗಳಿಗೆ ಹೋಗಿ ಹೇಳಬೇಕಾಗುತ್ತದೆ. ಬಾಗಿಲು ತಟ್ಟುವ ಮುನ್ನ ನೆಪಗಳು ಸಾಲುಗಟ್ಟಿ ಬಾಯಿಗೆ ಬರುತ್ತವೆ. ಅವನ್ನೆಲ್ಲ ನುಂಗಿ, ಕುಳಿತುಕೊಳ್ಳುವ ಮೊದಲೇ ವಿಷಯ ಹೇಳಿಬಿಡುವ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಮಾವನವರು ಕೊಟ್ಟದ್ದು.