ಆರ್ಲಿಸ್ ಬರೆಯುತ್ತಿದ್ದ ಹಬ್ಬದ ಹಲಗೆ

ಅಮೆರಿಕದ ಟೂ ಹಾರ್ಬರ್ಸ್ ಊರಿನಲ್ಲಿ ಆರ್ಲಿಸ್ ಹಾಲ್ವರ್ಸನ್‌ಳ ಕುಂಚ ಆಡದ ಗೋಡೆ ಕಡಿಮೆ. ಬೇಕರಿಯ ಫಲಕ ಅವಳದು, ಕಟ್ಟೆಯಲ್ಲಿ ನಿಂತ ದೋಣಿಗಳ ಬೆನ್ನ ಮೇಲಿನ ಹೆಸರುಗಳು ಅವಳವು, ಲೂಥರನ್ ಚರ್ಚಿನವರು ಕ್ರಿಸ್‌ಮಸ್ ನಾಟಕಕ್ಕೆ ಇಳಿಬಿಡುವ ಬೆತ್ಲೆಹೇಮಿನ ಪರದೆಯೂ ಅವಳದೇ. ಆ ಬೆತ್ಲೆಹೇಮಿನ ಹಿಂದೆ ಸಾಲಾಗಿ ಪೈನ್ ಮರಗಳಿವೆ. "ಅಲ್ಲಿ ಪೈನ್ ಎಲ್ಲಿಂದ ಬಂತಮ್ಮ?" ಎಂದು ಪಾದ್ರಿ ಒಮ್ಮೆ ಕೇಳಿದ್ದಕ್ಕೆ, "ನಾನಂತೂ ಹೋಗಿ ನೋಡಿಲ್ಲ, ನೀವು ನೋಡ್ಕೊಂಡು ಬಂದ್ರಾ?" ಎಂದಿದ್ದಳು. ಪೈನ್ ಮರಗಳು ಇವತ್ತಿಗೂ ಅಲ್ಲೇ ಇವೆ.

ಇಷ್ಟೆಲ್ಲ ಬರೆದವಳನ್ನು ಊರು ಒಂದು ದಿನವೂ ಕಲಾವಿದೆ ಎನ್ನಲಿಲ್ಲ. 'ಅಕ್ಷರ ಬರೆಯೋ ಆರ್ಲಿಸ್' ಎಂದಿತು ಅಷ್ಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಪೀರಿಯರ್ ಸರೋವರದ ದಡದಲ್ಲೂ ಸತ್ಯವೇ. ಬೇಕರಿಗೆ ಬಂದವರು ಫಲಕ ಓದಿ ಒಳಗೆ ಹೋಗುತ್ತಾರೆ. ಅದರ ಅಂಚಿನಲ್ಲಿ ಅವಳು ಎರಡು ದಿನ ಕೂತು ಬರೆದ ಗೋಧಿ ತೆನೆಯನ್ನು ಯಾರೂ ನೋಡುವುದಿಲ್ಲ. ಅದರ ಬಗ್ಗೆ ಅವಳು ಎಂದೂ ಗೊಣಗಿದವಳಲ್ಲ. ಆ ಕಡೆಯ ಜನಕ್ಕೆ ಗೊಣಗುವುದೆಂದರೆ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ. ಮನೆಗೆ ಬೆಂಕಿ ಬಿದ್ದರೂ "ಇನ್ನೂ ಕೆಟ್ಟದಾಗ್ಬಹುದಿತ್ತು" ಅನ್ನುವ ಪೈಕಿ.

ಮನೆಯೊಳಗಾದರೋ ಅವಳ ಕೈಗೆ ತಡೆಯೇ ಇರಲಿಲ್ಲ. ಅಂಚೆ ಡಬ್ಬಿಯ ಮೇಲೆ ಮೀನು, ಫ್ರಿಜ್ಜಿನ ಬಾಗಿಲ ಮೇಲೆ ಫ್ರಿಜ್ಜಿನೊಳಗಿನ ಸಾಮಾನು, ಮಕ್ಕಳ ಹಿಮದ ಬೂಟುಗಳಲ್ಲಿ ಎಡಗಾಲಿಗೆ ನರಿ, ಬಲಗಾಲಿಗೆ ಕೋಳಿ. ನರಿ ಕೋಳಿಯನ್ನು ಅಟ್ಟುತ್ತಿದ್ದರೆ ಬೂಟು ಸರಿಯಾಗಿ ಹಾಕಿಕೊಂಡಿದ್ದಾರೆ ಎಂದು ಅರ್ಥ. ಮಗ ಕರ್ಟ್ ಒಂದು ಚಳಿಗಾಲ ಶಾಲೆಯಲ್ಲಿ ಗೇಲಿ ಮಾಡಿದರೆಂದು ನರಿಯನ್ನು ಚಾಕುವಿನಿಂದ ಕೆರೆದು ತೆಗೆದ. ಮಗಳು ಸೋಲ್ವೇ ತೆಗೆಯಲಿಲ್ಲ, ಬೂಟನ್ನೇ ಬಸ್ಸಿನಲ್ಲಿ ಬಿಟ್ಟು ಬಂದಳು. ಗಂಡ ಡ್ವೇನ್ ಹಡಗಿಗೆ ಅದಿರು ತುಂಬುವ ಕಟ್ಟೆಯಲ್ಲಿ ದುಡಿದವನು, ಮಾತು ಕಡಿಮೆ. "ಸ್ವಲ್ಪ ಹೊತ್ತು ಅಲುಗಾಡ್ದೆ ನಿಂತ್ರೆ ನನ್ ಮೇಲೂ ಬಳಿದ್ಬಿಡ್ತಾಳೆ" ಎಂದು ನೆಂಟರ ಮುಂದೆ ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೂ ಇದೆ ಎಂದು ಆರ್ಲಿಸ್ ನಂಬಿದ್ದಳು.

ಅವಳ ವರ್ಷವೆಲ್ಲ ಒಂದೇ ಒಂದು ಮಧ್ಯಾಹ್ನದ ಕಡೆಗೆ ಹರಿಯುತ್ತಿತ್ತು. ಅದು ನವೆಂಬರಿನಲ್ಲಿ ಮನೆಮಂದಿಯೆಲ್ಲ ಸೇರಿ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ. ಟರ್ಕಿ ಕೋಳಿಯ ಊಟ ಮುಗಿದು ಮೇಜು ಒರೆಸಿದ ಮೇಲೆ 'ಹಲಗೆ' ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ, ಟಿವಿ ಇಲ್ಲದ ಒಂದು ಚಳಿಗಾಲ, ಅವಳು ತೆಳು ಹಲಗೆಯ ಮೇಲೆ ಚಿತ್ರ ಬರೆದಳು, ಅವನು ಅದನ್ನು ಸಣ್ಣ ಗರಗಸದಲ್ಲಿ ಅಂಕುಡೊಂಕಾಗಿ ಕತ್ತರಿಸಿದ, ಇಬ್ಬರೂ ಕೂತು ಜೋಡಿಸಿದರು. ಅಂದಿನಿಂದ ಪ್ರತಿ ಹಬ್ಬಕ್ಕೂ ಒಂದು ಹೊಸ ಹಲಗೆ. ಅದಕ್ಕೆ ಒಂದು ಕಟ್ಟಳೆಯೂ ಬೆಳೆಯಿತು: ಚಿತ್ರ ಏನೆಂದು ಆರ್ಲಿಸ್ ಬಿಟ್ಟು ಯಾರಿಗೂ ಗೊತ್ತಿರಬಾರದು. ನೆಲಮಾಳಿಗೆಯ ಮೂಲೆಯಲ್ಲಿ ಅವಳು ಬರೆಯುತ್ತಾಳೆ, ಎದ್ದು ಹೋಗುವಾಗ ಮೇಲೊಂದು ಹೊದಿಕೆ ಎಳೆಯುತ್ತಾಳೆ. ಮುಗಿದ ಮೇಲೆ ಚಿತ್ರದ ಮೇಲೆ ಕಂದು ಕಾಗದ ಅಂಟಿಸಿ ಡ್ವೇನ್ ಕೈಗೆ ಕೊಡುತ್ತಾಳೆ. ಅವನು ಕಾಗದದ ಮೇಲೆಯೇ ಗರಗಸ ಆಡಿಸುತ್ತಾನೆ, ತಾನು ಕತ್ತರಿಸುತ್ತಿರುವುದು ಆಕಾಶವೋ ಆಕಳೋ ಎಂದು ತಿಳಿಯದೆ. ಕಾಗದ ಎತ್ತುವುದಿಲ್ಲ, ಹೊದಿಕೆ ಸರಿಸುವುದಿಲ್ಲ ಎಂದು ಅವನು ಮೊದಲ ವರ್ಷವೇ ಮಾತು ಕೊಟ್ಟಿದ್ದ.

ಹಬ್ಬದ ದಿನ ಎಲ್ಲರೂ ಮೇಜಿನ ಸುತ್ತ ಕೂತು, ಬೆಂದ ಆಲೂಗಡ್ಡೆ ಸಿಪ್ಪೆ ಸುಲಿದ ಹಾಗೆ ಒಂದೊಂದು ತುಂಡಿನ ಕಾಗದ ಸುಲಿಯುತ್ತಿದ್ದರು. "ಇದು ನೀರೋ ಆಕಾಶವೋ?" "ಇದ್ಯಾರ ಮೂಗಪ್ಪ?" ಎಂಬ ಗದ್ದಲ. ಚಿತ್ರ ಏನೆಂದು ಮೊದಲು ಹೇಳಿದವರಿಗೆ ಕುಂಬಳಕಾಯಿ ಪೈ ಎಂಬ ಸಿಹಿತಿಂಡಿಯ ಮೊದಲ ತುಂಡು. ಆರ್ಲಿಸ್ ತುಟಿ ಬಿಗಿಹಿಡಿದು ಕೂತು ಎಲ್ಲರ ಮುಖ ನೋಡುತ್ತಿದ್ದಳು. ಅವಳು ಬರೆದದ್ದನ್ನು ಜನ ಹೆಬ್ಬೆರಳಿನಷ್ಟು ಹೆಬ್ಬೆರಳಿನಷ್ಟೇ ಕಣ್ಣ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡುವ ದಿನ ಅದೊಂದೇ. ಉಳಿದ ದಿನಗಳನ್ನೆಲ್ಲ ಅವಳು ಆ ದಿನದ ಲೆಕ್ಕಕ್ಕೆ ಬಿಟ್ಟುಕೊಟ್ಟಿದ್ದಳು.

ಒಂದು ವರ್ಷ ಮಾತ್ರ ಎಡವಟ್ಟಾಯಿತು. ಅವಳು ಆ ಸಲ ಬಂದರಿನ ಮಂಜು ಬರೆದಿದ್ದಳು. ಬಿಳಿಯ ಮೇಲೆ ಬಿಳಿ, ಅದರೊಳಗೆ ಇದ್ದೂ ಇಲ್ಲದಂಥ ಒಂದು ಹಡಗು. ತನ್ನ ಕೈಯಿಂದ ಬಂದ ಚಿತ್ರಗಳಲ್ಲೆಲ್ಲ ಅದೇ ಒಳ್ಳೆಯದೆಂದು ಅವಳಿಗೆ ಅನ್ನಿಸಿತ್ತು. ಮೇಜಿನ ಸುತ್ತ ಕೂತವರಿಗೆ ತಲೆ ಬುಡ ಹರಿಯಲಿಲ್ಲ. ಕರ್ಟ್, "ಅಮ್ಮ, ಇದು ಹಬ್ಬಾನೋ ಶಿಕ್ಷೇನೋ?" ಎಂದು ಎದ್ದು ಫುಟ್‌ಬಾಲ್ ಪಂದ್ಯ ನೋಡಲು ಹೋದ. ಸೋಲ್ವೇ ಕೈಕೂಸಿನ ನೆಪ ಹೇಳಿ ಎದ್ದಳು. ಡ್ವೇನ್ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಅವನೂ ಪಂದ್ಯದ ಕಡೆಗೇ ನಡೆದ. ಆರ್ಲಿಸ್ "ಪರವಾಗಿಲ್ಲ" ಎಂದಳು, ಒಬ್ಬಳೇ ಕೂತು ತಾನೇ ಬರೆದ ಮಂಜನ್ನು ತಾನೇ ಜೋಡಿಸಿದಳು.

ಮಾರನೇ ವರ್ಷ ಅವಳಿಗೆ ಹಲಗೆ ಮೇಜಿಗೆ ತರಲು ಅಂಜಿಕೆಯೇ ಆಗಿತ್ತು. ಆದರೆ ನೋಡಿದರೆ ಎಲ್ಲರಿಗೂ ಎಲ್ಲಿಲ್ಲದ ಹುರುಪು! ಯಾರೂ ಏಳಲಿಲ್ಲ, ಪಂದ್ಯದ ಸುದ್ದಿಯೇ ಇಲ್ಲ, ತುಂಡುಗಳು ತಾವಾಗಿ ಬಂದು ಕೂತ ಹಾಗೆ ಕೂತವು. ಆಮೇಲಿನ ವರ್ಷಗಳೂ ಹಾಗೆಯೇ. ಸೋಲ್ವೇಯ ಕೂಸು ಟಿಲ್ಡಾ ಮಾತು ಕಲಿತ ಮೇಲಂತೂ ಪೈಯ ಮೊದಲ ತುಂಡು ಹೆಚ್ಚಾಗಿ ಅವಳ ಪಾಲಿಗೇ. ಇಷ್ಟುದ್ದದ ಹುಡುಗಿ ಎರಡು ತುಂಡು ಹಿಡಿದು, ಕಣ್ಣು ಅರಳಿಸಿ, "ಅಜ್ಜೀ! ದೀಪಸ್ತಂಭ!" ಎಂದು ಕೂಗಿದ ದಿನ ಆರ್ಲಿಸ್ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದಳು. ತನ್ನ ಕಣ್ಣು ಮೊಮ್ಮಗಳಿಗೆ ಬಂದಿದೆ ಎಂದು ಚರ್ಚಿನ ಹಾಡಿನ ಗುಂಪಿನಲ್ಲೂ ಹೇಳಿಕೊಂಡಳು. ಮಂಜಿನ ವರ್ಷ ಬೇಸರಪಡಿಸಿದ್ದಕ್ಕೆ ಮಕ್ಕಳು ಮನಸ್ಸಿನಲ್ಲೇ ನೊಂದು ತಿದ್ದಿಕೊಂಡಿದ್ದಾರೆ ಎಂದುಕೊಂಡಳು ಪಾಪದವಳು. ಪ್ರೀತಿ ಎಂದರೆ ಇದೇ ಎಂದು ತಿಳಿದಿದ್ದಳು.

ಈ ವರ್ಷ ಅವಳು ಬರೆದದ್ದು ಹೆಪ್ಪುಗಟ್ಟಿದ ಕೆರೆ. ಮಂಜುಗಡ್ಡೆ ಕೊರೆದು ಮೀನು ಹಿಡಿಯುವವರ ಪುಟ್ಟ ಗುಡಿಸಲುಗಳು, ಜಾರುಬಂಡಿ ಎಳೆಯುವ ಮಕ್ಕಳು. ಎಡಗಡೆಯ ಕೆಳಮೂಲೆಗೆ ಹೊಗೆಯಾಡುವ ಒಂದು ಕೆಂಪು ಗುಡಿಸಲು ಬರೆದಿದ್ದಳು. ಹಲಗೆಯನ್ನು ಡ್ವೇನ್‌ಗೆ ಕೊಡುವ ಮುಂಚಿನ ದಿನ ದೂರ ನಿಂತು ನೋಡಿದರೆ ಆ ಕೆಂಪು ಇಡೀ ಚಿತ್ರವನ್ನೇ ನುಂಗಿ ಹಾಕುತ್ತಿತ್ತು. ಗುಡಿಸಲು, ಹೊಗೆ ಎಲ್ಲವನ್ನೂ ಅಳಿಸಿ ಬೂದುನೀಲಿ ಬಳಿದಳು. ಖಾಲಿಯಾದ ಜಾಗದಲ್ಲಿ, ಬೋರಲು ಹಾಕಿದ ಬಕೆಟ್ ಮೇಲೆ ಬೆನ್ನು ತಿರುಗಿಸಿ ಕೂತು ಕೆರೆಯ ಚಿತ್ರ ಬರೆಯುತ್ತಿರುವ ಒಬ್ಬ ಹೆಂಗಸನ್ನು ಕೂರಿಸಿದಳು. ಬೂದು ಕೋಟು, ಕಂದು ಟೋಪಿ. ಇಷ್ಟು ವರ್ಷ ಬರೆದ ಹಲಗೆಗಳಲ್ಲಿ ಅವಳು ತನ್ನನ್ನು ತಾನು ಇಟ್ಟುಕೊಂಡದ್ದು ಇದೇ ಮೊದಲು. ಯಾರು ಮೊದಲು ಗುರುತಿಸುತ್ತಾರೋ ಎಂದು ನೆನೆದು ಒಬ್ಬಳೇ ನಕ್ಕಳು. ಆಮೇಲೆ ಕಾಗದ ಅಂಟಿಸಿದಳು.

ಹಬ್ಬ ಬಂತು. ಊಟ ಆಯಿತು. ಕಾಗದ ಸುಲಿಯುವುದು ಶುರುವಾಯಿತು. ಟಿಲ್ಡಾ ಈಗ ಒಂಬತ್ತರ ಹುಡುಗಿ, ಅಜ್ಜಿಯ ಎದುರಿಗೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ, "ಹೆಪ್ಪುಗಟ್ಟಿದ ಕೆರೆ!" ಎಂದು ಕೂಗಿ ಗೆದ್ದೂ ಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸೋಲ್ವೇ ತುಂಡುಗಳ ರಾಶಿಯಲ್ಲಿ ಕೈಯಾಡಿಸುತ್ತಾ, ತಲೆ ಎತ್ತದೆ ಕೇಳಿದಳು: "ಕೆಂಪು ಗುಡಿಸಲಿನ ತುಂಡು ಯಾರ ಹತ್ರ ಇದೆ?"

ಆರ್ಲಿಸ್‌ಗೆ ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ಕೆಂಪು ಎಲ್ಲಾದರೂ ಇಣುಕಿತೇ ಎಂದು ರಾಶಿಯ ಮೇಲೆ ಕಣ್ಣಾಡಿಸಿದಳು. ಎಳ್ಳಷ್ಟೂ ಇರಲಿಲ್ಲ.

"ಎಡಗಡೆ ಮೂಲೆಗೆ ಬರುತ್ತೆ ಕಣೆ," ಎಂದ ಕರ್ಟ್. "ಹೊಗೆ ಹೋಗ್ತಿರುತ್ತಲ್ಲ, ಅದರ ಕೆಳಗೆ."

ಸೋಲ್ವೇ ಮೇಜಿನ ಕೆಳಗೆ ಅವನ ಕಾಲು ತುಳಿದಳು. ತುಳಿದದ್ದು ಮೇಜು ಅಲುಗಿದ್ದರಿಂದಲೇ ಗೊತ್ತಾಯಿತು. ಕರ್ಟ್ ನಾಲಿಗೆ ಕಚ್ಚಿಕೊಂಡ. ಆರ್ಲಿಸ್ ಗಂಡನ ಮುಖ ನೋಡಿದಳು. ಡ್ವೇನ್ ಕಾಫಿ ಕಪ್ಪಿನೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಿದ್ದ. ಆ ಕೆಂಪನ್ನು ಅವಳು ಅಳಿಸುವ ಮೊದಲು ನೋಡಿರಬಹುದಾದವನು ಆ ಮನೆಯಲ್ಲಿ ಅವನೊಬ್ಬನೇ. "ಕಾಫಿ ತರ್ತೀನಿ" ಎಂದು ಎದ್ದು ಅಡಿಗೆಮನೆಗೆ ಹೋದಳು. ಡ್ವೇನ್ ಹಿಂದೆಯೇ ಬಂದ.

"ಎಷ್ಟು ವರ್ಷದಿಂದ?" ಎಂದಳು.

ಅವನು ಪಾತ್ರೆ ಒರೆಸುವ ಬಟ್ಟೆ ಕೈಗೆತ್ತಿಕೊಂಡ. "ಆ ಮಂಜಿನ ವರ್ಷ ಆದ್ಮೇಲಿಂದ. ನೀನು ಹಾಡೋಕೆ ಚರ್ಚಿಗೆ ಹೋದಾಗ ಹೊದಿಕೆ ಸರಿಸಿ ಒಂದು ಫೋಟೋ ತೆಗೀತಿದ್ದೆ. ಮಕ್ಕಳಿಗೆ ಮಾತ್ರ ಕಳಿಸ್ತಿದ್ದೆ, ಆರ್ಲಿಸ್. ಬೇರೆ ಯಾರಿಗೂ ಇಲ್ಲ."

"ಬೇರೆಯವ್ರಿಗೆ ಕಳಿಸಿದ್ರೆ ನಂಗೇನಾಗ್ತಿತ್ತು? ನೀನು ಮಾತು ಕೊಟ್ಟಿದ್ದೆ."

"ಸೋಲ್ವೇ ಫೋನ್ ಮಾಡಿದ್ಲು. ಈ ಸಲ ಹಲಗೆ ಬೇಡ ಅಂತ ಅಮ್ಮಂಗೆ ನೀನೇ ಹೇಳಪ್ಪ ಅಂದ್ಲು. ನಾನು ಹೇಗೆ ಹೇಳ್ಲಿ?"

"ಬಾಯಲ್ಲಿ."

"ಅವ್ರು ಮತ್ತೆ ಕೂರ್ತಾನೇ ಇರ್ಲಿಲ್ಲ. ಚಿತ್ರ ಮೊದ್ಲೇ ಗೊತ್ತಿದ್ರೆ ಬೇಗ ಮುಗಿಯುತ್ತೆ, ಎಲ್ರೂ ಖುಷಿಯಾಗಿರ್ತಾರೆ, ನೀನೂ ಖುಷಿಯಾಗಿರ್ತೀಯ ಅಂತ... ಆವತ್ತು ನೀನು ಒಬ್ಳೇ ಕೂತು ಜೋಡಿಸ್ತಿದ್ದೆಯಲ್ಲ, ನಂಗೆ ನೋಡಕ್ಕಾಗ್ಲಿಲ್ಲ."

"ನೋಡಕ್ಕಾಗ್ದೆ ಇದ್ರೆ ಪಕ್ಕದಲ್ಲಿ ಬಂದು ಕೂತ್ಕೋಬಹುದಿತ್ತು."

ಡ್ವೇನ್ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದ. ಕಾವಲಿಗೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದೂರು ಕೊಡುವುದಾದರೂ ಯಾರಿಗೆ? ಅವಳಿಗೆ ಕೋಪ ಬಂದಿತ್ತು, ಕೋಪಕ್ಕಿಂತ ಹೆಚ್ಚಾಗಿ ಅವಮಾನ ಸುಡುತ್ತಿತ್ತು. ಒಳ್ಳೆಯ ವರ್ಷಗಳೆಂದು ಅವಳು ಎದೆಯಲ್ಲಿಟ್ಟುಕೊಂಡಿದ್ದವೆಲ್ಲ ಸುಳ್ಳಿನ ವರ್ಷಗಳು. ಎಲ್ಲರೂ ಬೇಸರವನ್ನು ಮುಚ್ಚಿಡದೆ ಎದ್ದು ಹೋಗಿದ್ದ ಆ ಕೆಟ್ಟ ವರ್ಷವೊಂದೇ ನಿಜದ್ದು. ಇವರು ಅವಳ ಚಿತ್ರವನ್ನು ನೋಡಿದ್ದು ಫೋನಿನಲ್ಲಿ, ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದಾಗಿ, ಬಹುಶಃ ಪೆಟ್ರೋಲ್ ಹಾಕಿಸಿಕೊಳ್ಳುವಾಗ.

ಆಗಲೇ ಟಿಲ್ಡಾ ಖಾಲಿ ತಟ್ಟೆ ಹಿಡಿದು ಓಡಿ ಬಂದಳು. "ಅಜ್ಜೀ, ನನ್ ಪೈ! ಕ್ರೀಮ್ ಜಾಸ್ತಿ ಹಾಕು." ಡ್ವೇನ್ ಮೆಲ್ಲಗೆ ಹೊರಗೆ ಜಾರಿಕೊಂಡ.

ಆರ್ಲಿಸ್ ಪೈ ಕೊಯ್ದಳು. ಕೇಳಬಾರದು ಎಂದುಕೊಂಡೇ ಕೇಳಿದಳು. "ಕೆರೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ ಪುಟ್ಟಿ?"

ಹುಡುಗಿ ಬಾಗಿಲ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು. "ಅಜ್ಜಿಗೆ ಹೇಳ್ಬಾರ್ದು ಅಂದಿದಾರೆ."

"ಅಜ್ಜಿಗೆ ಈಗ ಗೊತ್ತಾಗಿದೆ."

"ಹೌದಾ?" ಟಿಲ್ಡಾಳ ಹೆಗಲಿಂದ ಭಾರ ಇಳಿದಂತಾಯಿತು. "ಹಾಗಾದ್ರೆ ಸರಿ. ನಾನೇ ಎಲ್ರಿಗಿಂತ ಚೆನ್ನಾಗಿ ಮಾಡ್ತೀನಂತೆ ಅಜ್ಜಿ, ತಾತ ಹೇಳ್ತಾನೆ. ಕರ್ಟ್ ಮಾವಂಗೆ ಬರಲ್ಲ, ಅವ್ನು ನಕ್ಬಿಡ್ತಾನೆ. ನಾವು ಕಾರಲ್ಲಿ ಬರ್ತಾ ಅಭ್ಯಾಸ ಮಾಡ್ತೀವಿ. ಮಾಡಿ ತೋರಿಸ್ಲಾ?"

ಬೇಡ ಎನ್ನುವಷ್ಟರಲ್ಲಿ ಅವಳು ತಟ್ಟೆ ಕೆಳಗಿಟ್ಟಾಗಿತ್ತು. ಎರಡು ಬೆರಳಲ್ಲಿ ಇಲ್ಲದ ತುಂಡೊಂದನ್ನು ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, ಆಮೇಲೆ ಮೆಲ್ಲಮೆಲ್ಲಗೆ ಕಣ್ಣು ಅರಳಿಸಿದಳು. "ತಡಿ ತಡಿ... ಇದು ಗೋಡೇನಾ? ಅಲ್ಲ... ಅಜ್ಜೀ! ದೀಪಸ್ತಂಭ!"

ಅದೇ ದನಿ. ಕೊನೆಯಲ್ಲಿ ಉಸಿರು ಸಿಕ್ಕಿಕೊಳ್ಳುವುದೂ ಅದೇ. ನಾಲ್ಕು ವರ್ಷದ ಕೂಸಿನ ಬಾಯಿಂದ ಹೊರಟ ಆ ಕೂಗಿಗೆ ಆರ್ಲಿಸ್ ಎಷ್ಟೋ ಚಳಿಗಾಲ ಒಲೆಯ ಮುಂದೆ ಕೂತಂತೆ ಮೈ ಕಾಯಿಸಿಕೊಂಡಿದ್ದಳು. "ಚೆನ್ನಾಗಿ ಮಾಡ್ತೀಯ" ಎಂದಳು. ಮಗುವಿನದೇನು ತಪ್ಪು? ಕ್ರೀಮ್ ಜಾಸ್ತಿ ಹಾಕಿ ಕಳಿಸಿದಳು.

ಅವಳು ಕಾಫಿ ಹಿಡಿದು ಹೊರಗೆ ಬರುವ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತಲೇ ಇದ್ದರು. ಯಾರೂ ಫುಟ್‌ಬಾಲ್ ನೋಡಲು ಹೋಗಿರಲಿಲ್ಲ, ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಎಡಮೂಲೆಯೊಂದು ಬಿಟ್ಟು ಉಳಿದದ್ದೆಲ್ಲ ಜೋಡಿಸಿಯಾಗಿತ್ತು. ಫೋಟೋ ನೆರವಾಗದ ಆ ಮೂಲೆಗೆ ಅವರು ಈಗ ನಿಜವಾಗಿಯೂ ಹುಡುಕುತ್ತಿದ್ದರು, ತುಂಡನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ. ಆರ್ಲಿಸ್ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು.

ಬಕೆಟ್ ಕೂತಿತು, ಬೂದು ಕೋಟು ಕೂತಿತು. ಕಂದು ಟೋಪಿಯ ತುಂಡು ಸೋಲ್ವೇಯ ಕೈಯಲ್ಲಿತ್ತು. ಅವಳು ಅದನ್ನು ಅದರ ಜಾಗಕ್ಕೆ ಒತ್ತಿದಳು, ಬಗ್ಗಿ ನೋಡಿದಳು, ಬಹಳ ಹೊತ್ತು ಬಗ್ಗಿಯೇ ಇದ್ದಳು. ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಅಮ್ಮ... ಇದು ನೀನಲ್ವಾ?"

ಈ ಮಾತು ಯಾರೂ ಕಲಿಸಿದ್ದಲ್ಲ. ಫೋಟೋದಲ್ಲಿ ಆ ಹೆಂಗಸು ಇರಲೇ ಇಲ್ಲ, ಅದು ಆರ್ಲಿಸ್‌ಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಇಷ್ಟು ವರ್ಷದಿಂದ ಅವಳು ಕಾದಿದ್ದ ಮಾತು ಅದೇ, ಕಾದಿದ್ದ ದನಿಯೂ ಅದೇ. ಬುದ್ಧಿ ನಂಬು ಎಂದಿತು. ಕಿವಿ ಒಪ್ಪಲಿಲ್ಲ.

"ಇದನ್ನೂ ಕಾರಲ್ಲೇ ಅಭ್ಯಾಸ ಮಾಡ್ಕೊಂಡ್ ಬಂದ್ಯಾ?" ಎಂದಳು ಆರ್ಲಿಸ್.

ಸೋಲ್ವೇಯ ಬೆರಳು ಇನ್ನೂ ಆ ಕಂದು ಟೋಪಿಯ ಮೇಲೆಯೇ ಇತ್ತು. ಆರ್ಲಿಸ್ ಎಲ್ಲರ ಕಪ್ಪಿಗೂ ಕಾಫಿ ಬಗ್ಗಿಸಿ ಒಳಗೆ ಹೋದಳು.